ಮಂಡಿ ಲೆಕ್ಕದ ಸಾಫ್ಟ್‌ವೇರ್: ಹಳೆಯ ಎಸ್‌ಕ್ಯುಎಲ್ ಎಲ್ಲಿ ಉಳಿಯಲಿ, ಇಎಫ್ ಕೋರ್ ಎಲ್ಲಿ ಬರಲಿ?

ಕೋಲಾರದ ಎಪಿಎಂಸಿಗೆ ಟೊಮೆಟೊ ಜಾಸ್ತಿ ಬರುವ ದಿನಗಳಲ್ಲಿ ಮಂಡಿಯ ಕಂಪ್ಯೂಟರ್‌ಗೆ ಬಿಡುವೇ ಇಲ್ಲ. ರೈತರ ಹೆಸರು, 15 ಕೆ.ಜಿ. ಬಾಕ್ಸ್‌ಗಳ ಲೆಕ್ಕ, ಹರಾಜಿನ ದರ, ಕೂಲಿ ಎಲ್ಲವೂ ಅದರಲ್ಲೇ. ಸಾಫ್ಟ್‌ವೇರ್ ಮೈಕ್ರೋಸಾಫ್ಟ್‌ನ ಹಳೆಯ ಡಾಟ್‌ನೆಟ್‌ನದ್ದಾದರೆ, ಒಳಗೆ ಡೇಟಾಬೇಸ್ ಜೊತೆ ಮಾತಾಡಲು 2002ರಲ್ಲಿ ಬಂದ ಎಡಿಒ ಡಾಟ್‌ನೆಟ್ ಇರುವ ಸಾಧ್ಯತೆ ಹೆಚ್ಚು. ಅದರಲ್ಲಿ ಎಸ್‌ಕ್ಯುಎಲ್, ಅಂದರೆ ಡೇಟಾಬೇಸ್‌ಗೆ ಕೊಡುವ ಆದೇಶಗಳನ್ನು, ನಾವೇ ಬರೆಯಬೇಕು. 2016ರಲ್ಲಿ ಬಂದ ಇಎಫ್ ಕೋರ್ (ಎಂಟಿಟಿ ಫ್ರೇಮ್‌ವರ್ಕ್ ಕೋರ್) ಎಂಬ ಲೈಬ್ರರಿ ಅದನ್ನು ತಾನೇ ಬರೆದುಕೊಳ್ಳುತ್ತದೆ. ಹಾಗಂತ ಹಳೆಯದನ್ನೆಲ್ಲ ಕಿತ್ತುಹಾಕಬೇಡಿ. ಒಂದೊಂದೇ ಸ್ಕ್ರೀನ್ ನೋಡಿ ತೀರ್ಮಾನಿಸಿ.

ಮೊದಲ ಕೆಲಸ, ಹಳೆಯ ಕೋಡ್‌ನಲ್ಲಿ ಹೆಸರು, ಮೊಬೈಲ್ ನಂಬರ್‌ಗಳನ್ನು ಎಸ್‌ಕ್ಯುಎಲ್ ಸಾಲಿಗೆ ನೇರವಾಗಿ ಅಂಟಿಸಿರುವ ಜಾಗಗಳನ್ನು ಹುಡುಕುವುದು. ಅಲ್ಲೆಲ್ಲ ಪ್ಯಾರಾಮೀಟರ್ ಹಾಕಿ, ಅಂದರೆ ಆ ಹೆಸರು, ನಂಬರ್‌ಗಳನ್ನು ಎಸ್‌ಕ್ಯುಎಲ್‌ನಿಂದ ಬೇರೆಯಾಗಿ ಕಳಿಸಿ. ಇಲ್ಲದಿದ್ದರೆ ಹೆಸರಿನ ಜಾಗದಲ್ಲಿ ಯಾರೋ ಎಸ್‌ಕ್ಯುಎಲ್ ತುಂಬಿಸಿ ಡೇಟಾಬೇಸನ್ನೇ ಹಾಳುಮಾಡಬಹುದು. ಇದಕ್ಕೆ ಹೊಸ ಲೈಬ್ರರಿ ಬೇಕಿಲ್ಲ. ಬೇರೆಲ್ಲ ನಾಳೆಗಿರಲಿ, ಇದನ್ನು ಇವತ್ತೇ ಮಾಡಿ.

ಆಮೇಲೆ ರೈತರ ನೋಂದಣಿ, ಬಾಕ್ಸ್ ಎಂಟ್ರಿಯಂಥ ಸ್ಕ್ರೀನ್‌ಗಳಿಗೆ ಬನ್ನಿ. ಸೇರಿಸುವುದು, ತಿದ್ದುವುದು, ಉಳಿಸುವುದು, ಇಷ್ಟೇ ಅಲ್ವಾ? ಇಲ್ಲಿ ಇಎಫ್ ಕೋರ್ ಸರಿ. ಹಳೆಯ ಕೋಡ್‌ನಲ್ಲಿ ಒಂದು ಕಾಲಂನ ಹೆಸರು ಬದಲಾದರೆ ಅದನ್ನು ಬಳಸುವ ಎಲ್ಲ ಎಸ್‌ಕ್ಯುಎಲ್ ಸಾಲುಗಳನ್ನೂ ತಿದ್ದಬೇಕು. ಒಂದು ತಪ್ಪಿದರೂ ಅದು ಗೊತ್ತಾಗುವುದು ಹರಾಜಿನ ಹೊತ್ತಿಗೆ. ಇಎಫ್ ಕೋರ್‌ನಲ್ಲಿ ಇಂಥ ಎಷ್ಟೋ ತಪ್ಪುಗಳು ಓಡಿಸುವ ಮೊದಲೇ, ಕಂಪೈಲ್ ಮಾಡುವಾಗಲೇ ಸಿಗುತ್ತವೆ.

ಒಂದು ಎಚ್ಚರ. ಲೇಜಿ ಲೋಡಿಂಗ್ (ಸಂಬಂಧಪಟ್ಟ ಡೇಟಾವನ್ನು ಕೇಳಿದಾಗಷ್ಟೇ ತರುವುದು) ಆನ್ ಇದ್ದು, 500 ರೈತರ ಪಟ್ಟಿ ತೆರೆದು ಒಬ್ಬೊಬ್ಬರ ಬಾಕ್ಸ್ ಲೆಕ್ಕ ತೋರಿಸಲು ಹೊರಟರೆ, ಒಂದು ಕ್ವೆರಿಯ ಜಾಗದಲ್ಲಿ 501 (ಪಟ್ಟಿಗೆ ಒಂದು, ಪ್ರತಿ ರೈತನಿಗೆ ಒಂದೊಂದು) ಓಡುತ್ತವೆ. ಸ್ಕ್ರೀನ್ ನಿಂತೇಹೋದಂತೆ ಆಗುತ್ತದೆ. 'ಇನ್‌ಕ್ಲೂಡ್' ಬಳಸಿ, ಬೇಕಾದ್ದನ್ನು ಒಟ್ಟಿಗೇ ತರಿಸಿ. ಇಎಫ್ ಕೋರ್ ಬರೆಯುವ ಎಸ್‌ಕ್ಯುಎಲ್ ಅನ್ನು ಲಾಗ್‌ನಲ್ಲಿ ಓದುವ ಅಭ್ಯಾಸ ಇರಲೇಬೇಕು.

ತಿಂಗಳ, ವರ್ಷದ ರಿಪೋರ್ಟ್‌ಗಳು ಸರಿಯಾಗಿ ಓಡುತ್ತಿದ್ದರೆ ಸುಮ್ನೆ ಮುಟ್ಟಬೇಡಿ. ಹೊಸದಾಗಿ ಬರೆಯುವುದಿದ್ದರೆ ಡ್ಯಾಪರ್ ಎಂಬ ಚಿಕ್ಕ ಲೈಬ್ರರಿ ಸಾಕು. ಎಸ್‌ಕ್ಯುಎಲ್ ನಿಮ್ಮ ಕೈಯಲ್ಲೇ ಇರುತ್ತದೆ, ಬಂದ ಸಾಲುಗಳನ್ನು ಆಬ್ಜೆಕ್ಟ್ ಮಾಡಿಕೊಡುವ ಕೆಲಸ ಅದರದ್ದು.

ಹಳೆಯದು, ಹೊಸದು ಎರಡೂ ಸೇರಿ ಒಂದೇ ವ್ಯವಹಾರವನ್ನು ಉಳಿಸುವ ಕಡೆ ಹೆಚ್ಚು ಗಮನ ಕೊಡಿ. ಎರಡಕ್ಕೂ ಒಂದೇ ಕನೆಕ್ಷನ್, ಒಂದೇ ಟ್ರಾನ್ಸಾಕ್ಷನ್ (ಉಳಿದರೆ ಎಲ್ಲವೂ ಉಳಿಯಬೇಕು, ಇಲ್ಲದಿದ್ದರೆ ಯಾವುದೂ ಬೇಡ) ಇರಬೇಕು. ಇಲ್ಲದಿದ್ದರೆ ಬಾಕ್ಸ್ ಲೆಕ್ಕ ಸೇರಿ, ರೈತನಿಗೆ ಕೊಡಬೇಕಾದ ಹಣ ಮಾತ್ರ ಬಿಟ್ಟುಹೋಗಬಹುದು. ಹಣದ ಕಾಲಂಗೆ ಡೆಸಿಮಲ್ ಇರಲಿ, ಫ್ಲೋಟ್ ಬೇಡ, ಅದರಲ್ಲಿ ಪೈಸೆ ಲೆಕ್ಕ ತಪ್ಪಬಹುದು.

ಕೊನೆಗೆ ಡೇಟಾಬೇಸ್‌ನ ನಕಲಿನ ಮೇಲೆ ಕಳೆದ ಸೀಸನ್ನಿನ ಲೆಕ್ಕವನ್ನು ಹೊಸ ಕೋಡ್‌ನಲ್ಲಿ ಓಡಿಸಿ. ಪ್ರತಿ ರೈತನ ಮೊತ್ತವೂ ಹಳೆಯದಕ್ಕೆ ಪೈಸೆ ಸಮೇತ ಹೊಂದಿದ ಮೇಲಷ್ಟೇ ಮಂಡಿಯ ಕಂಪ್ಯೂಟರ್‌ಗೆ ಹಾಕಿ.