ಸಂತೆ ದಿನ ಲೈನ್ ಮನೆ ಹತ್ರ ಟೇಬಲ್ ಹಾಕಿದ್ದು

ವಿಎ (ಗ್ರಾಮ ಆಡಳಿತಾಧಿಕಾರಿ) ಕೆಲ್ಸದಲ್ಲಿ ಹೊಸ ಐಡಿಯಾ ಹೊಳೆಯೋದು ದೊಡ್ಡ ವಿಷ್ಯ ಅಲ್ಲ, ಅದ್ರಿಂದ ಯಾರ್ಯಾರಿಗೆ ತಲೆಬಿಸಿ ಆಗತ್ತೆ ಅಂತ ಮೊದ್ಲೇ ಹೋಗಿ ಕೇಳ್ಕೊಂಡು ಬರೋದೇ ಕಷ್ಟ. ನಮ್ ಕೊಡಗಲ್ಲಿ ತೋಟದ ಲೈನ್ ಮನೆಯವ್ರು, ಅಂದ್ರೆ ಕೂಲಿಯವ್ರ ಸಾಲು ಮನೇಲಿ ಇರೋರು, ಪೆನ್ಷನ್ ಅರ್ಜಿಗೆ ನಾಡಕಚೇರಿಗೆ ಬಂದ್ರೆ ಆ ದಿನದ ಕೂಲಿ ಹೋಯ್ತು, ಮಳೆಗಾಲದಲ್ಲಂತೂ ಕರೆಂಟಿಲ್ಲ ಸರ್ವರಿಲ್ಲ ನಾಳೆ ಬನ್ನಿ ಅನ್ನಿಸ್ಕೊಂಡು ವಾಪಸ್. ಸಂತೆ ದಿನ ಹೇಗೂ ತೋಟಕ್ಕೆ ರಜೆ, ಅವತ್ತು ಬೆಳಿಗ್ಗೆ ನಾವೇ ಲೈನ್ ಹತ್ರ ಕೂತು ಅರ್ಜಿ ತಗೊಳ್ಳೋಣ, ಇಷ್ಟೇ ಐಡಿಯಾ.

ಸೀದಾ ತಹಶೀಲ್ದಾರ್ ಹತ್ರ ಹೋಗ್ಲಿಲ್ಲ. ಮೊದ್ಲು ನಾಡಕಚೇರಿ ಆಪರೇಟರ್ ಮೇಡಂ, ಯಾಕಂದ್ರೆ ಕೊನೆಗೆ ಟೈಪ್ ಮಾಡೋದು ಅವ್ರೇ. "ರಾಶಿ ತಂದು ಹಾಕ್ಬೇಡಿ ಸರ್, ಆಧಾರಲ್ಲಿ ಒಂದ್ ಹೆಸ್ರು ಪಾಸ್‌ಬುಕ್ಕಲ್ಲಿ ಇನ್ನೊಂದ್ ಇದ್ರೆ ಬೈಗುಳ ನಂಗೆ" ಅಂದ್ರು. ತಾಳೆ ನೋಡೋದು ನನ್ ಕೆಲ್ಸ ಅಂತ ಒಪ್ಕೊಂಡೆ. ತೋಟದ ಲೆಕ್ಕ ಬರೆಯೋ ರೈಟರ್ ಭಯವೇ ಬೇರೆ, ಸರ್ಕಾರದವ್ರು ಬಂದು ಲೈನ್ ಮನೆ ಸೂರಿನ ಫೋಟೋ ಹೊಡೀತಾರೇನೋ ಅಂತ. ಪಂಚಾಯ್ತಿ ಮೆಂಬರಿಗೆ ಮುಂದೆ ನಿಲ್ಲೋ ಆಸೆ, ನಿಲ್ಲಿ ಅಣ್ಣ, ಅರ್ಜಿ ಮಾತ್ರ ನಾವೇ ಕೈಗೆ ತಗೊಳ್ತೀವಿ ಅಂದೆ. ಆಮೇಲೆ ಆರ್‌ಐ (ಕಂದಾಯ ನಿರೀಕ್ಷಕ) ಸಾಹೇಬ್ರು, ಅವ್ರ ಮೂಲಕವೇ ತಹಶೀಲ್ದಾರ್. ಅರ್ಜಿ ಇಷ್ಟು ದಿನದಲ್ಲಿ ಮುಗಿಸ್ಬೇಕು ಅನ್ನೋ ಸಕಾಲ ಕಾಯ್ದೆಯಲ್ಲಿ ತಡ ಆದ್ರೆ ದಿನಕ್ಕೆ 20 ರೂಪಾಯಿ ಪರಿಹಾರ, ಹೆಚ್ಚಂದ್ರೆ 500, ಕಾಗದ ಸರಿಯಾಗಿ ಬಂದ್ರೆ ಆ ರಗಳೆನೇ ಇಲ್ಲ ಅಂತ ನಾನಂದಿದ್ದು ಸಾಕಾಯ್ತು.

ಹೀಗೆ ಒಬ್ಬೊಬ್ಬರ ಮನಸ್ಸು ತಿಳ್ಕೊಂಡು ಕೆಲ್ಸ ಮಾಡ್ಸೋದಕ್ಕೆ ಪೊಲಿಟಿಕಲ್ ಸ್ಕಿಲ್ ಅಂತಾರೆ. ಅಮೆರಿಕದ ಫೆರಿಸ್ ಮತ್ತವ್ರ ಜೊತೆಗಾರ್ರು 2005ರಲ್ಲಿ ಇದನ್ನ ಅಳೆಯೋಕೆ 18 ಪ್ರಶ್ನೆ ಮಾಡಿದ್ರು: ಎದುರಿನವ್ರನ್ನ ಅರ್ಥ ಮಾಡ್ಕೊಳ್ಳೋದು, ಮಾತಲ್ಲಿ ಒಪ್ಸೋದು, ಪರಿಚಯ ಬೆಳೆಸೋದು, ಪ್ರಾಮಾಣಿಕ ಅನ್ನಿಸ್ಕೊಳ್ಳೋದು. ಕೊನೇದ್ರಲ್ಲಿ ನಾಟಕ ಮಾಡ್ಬೋದು ಅಂತ ಯಾರಾದ್ರೂ ಅಂದ್ಕೊಂಡಿದ್ರೆ ಬಿಟ್ಬಿಡಿ, ಲೈನಲ್ಲಿ ಮುಂದಿನ ಸಂತೆ ಹೊತ್ತಿಗೆ ಗೊತ್ತಾಗೋಗತ್ತೆ.

ಟೇಬಲ್ ಮುಂದೆ ಬಂದ ಅಜ್ಜಂದಿರಲ್ಲಿ ತುಂಬಾ ಜನ ಆಧಾರ್ ಪ್ರಕಾರ ಜನವರಿ 1ಕ್ಕೇ ಹುಟ್ಟಿದವ್ರು! ಸಂಧ್ಯಾ ಸುರಕ್ಷಾ ಅನ್ನೋ ವೃದ್ಧಾಪ್ಯ ಪೆನ್ಷನ್‌ಗೆ 65 ಆಗಿರ್ಬೇಕು, ವೋಟರ್ ಐಡಿ ಪಕ್ಕಕ್ಕಿಟ್ಟು ನೋಡಿದ್ರೆ ಒಂದೊಂದ್ರಲ್ಲೂ ಬೇರೆ ವಯಸ್ಸು. ಪೋಸ್ಟ್‌ಮ್ಯಾನ್ ಅಣ್ಣ ಅಕೌಂಟ್ ಮಾಡ್ಸೋಕೆ ಮೆಷಿನ್ ತಂದಿದ್ರು, ಕಾಫಿ ಕುಯ್ದೂ ಕುಯ್ದೂ ಹೆಬ್ಬೆಟ್ಟಿನ ಗೆರೆ ಸವೆದ ಅಜ್ಜಿದು ಮೆಷಿನ್ ತಗೊಳ್ಲಿಲ್ಲ, ಕೈ ತೊಳ್ಸಿ ಒರೆಸಿ ಬೇರೆ ಬೆರಳು ಇಡ್ಸಿದ್ಮೇಲೆ ತಗೊಳ್ತು.

ಸಂಬಳ ಅಷ್ಟೇ, ಪ್ರಮೋಷನ್ ಸುದ್ದಿ ಇಲ್ಲ, ಆದ್ರೆ ಆಫೀಸಿಗೆ ಹೊರಡೋವಾಗ ಇದ್ದ ಬೇಜಾರು ಈಗಿಲ್ಲ. ಐಡಿಯಾ ಆರ್‌ಐ ಸಾಹೇಬ್ರದ್ದು ಅಂತ ಊರಲ್ಲಿ ಮಾತು, ಇರ್ಲಿ, ಅದ್ರಿಂದಾನೇ ಟೇಬಲ್ ಇನ್ನೂ ನಡೀತಿದೆ. ಈಗ ತೋಟಗಳಿಗೆ ಅಸ್ಸಾಂ ಕಡೆಯಿಂದ ಬಂದವ್ರೇ ಜಾಸ್ತಿ ಆಗ್ತಿದ್ದಾರೆ, ಅವ್ರ ವಾಸದ ದಾಖಲೆಗೆ ಏನ್ ಮಾಡೋದು ಅಂತ ನಂಗಿನ್ನೂ ಹೊಳೆದಿಲ್ಲ.