ಹಾಜರಾತಿ ಯಂತ್ರ ಮತ್ತು ಓಓಡಿ ಕಾಲಂ

ಆರೋಗ್ಯ ಉಪಕೇಂದ್ರಗಳ ಸಿಬ್ಬಂದಿಗೆ ಹಾಜರಾತಿ ಯಂತ್ರ ತರಬಹುದೇ ಎಂದು ಎರಡು ಪುಟದ ಟಿಪ್ಪಣಿ ಬರೆದುಕೊಡಲು ನನಗೆ ಹೇಳಿದ್ದರು. ಅರ್ಥಶಾಸ್ತ್ರದ ಸಂಶೋಧನಾ ಲೇಖನಗಳನ್ನು ಓದಿ, ಕಡತಕ್ಕೆ ಒಗ್ಗುವಂತೆ ಸಾರ ಬರೆಯುವುದು ನನ್ನ ಕೆಲಸ. ವಾರದೊಳಗೆ ಬರೆದು ಕೊಟ್ಟೆ. ಮೊದಲ ಸಾಲೇ ಹೀಗಿತ್ತು: "ರಾಜಸ್ಥಾನದ ಪ್ರಯೋಗದಲ್ಲಿ ಶಿಕ್ಷಕರ ಹಾಜರಾತಿ ದುಪ್ಪಟ್ಟಾಗಿದೆ." ಮೇಲಧಿಕಾರಿ ಪಕ್ಕದಲ್ಲಿ ಹಸಿರು ಶಾಯಿಯಿಂದ ಬರೆದರು: "58ರ ದುಪ್ಪಟ್ಟು 116. ನೂರಕ್ಕೆ ನೂರಾಹದಿನಾರು ಮಂದಿ ಬರುತ್ತಾರೆಯೇ?"

ನಾಚಿಕೆಯಾಯಿತು. ಅರ್ಥಶಾಸ್ತ್ರಜ್ಞೆ ಎಸ್ತರ್ ಡಫ್ಲೊ ಮತ್ತು ಅವರ ಸಂಗಡಿಗರ ಆ ಅಧ್ಯಯನದಲ್ಲಿ ಗೈರುಹಾಜರಿ ಶೇ 42ರಿಂದ 21ಕ್ಕೆ ಇಳಿದಿತ್ತು. ಅರ್ಧವಾದದ್ದು ಗೈರುಹಾಜರಿ, ಹಾಜರಾತಿ 58ರಿಂದ 79ಕ್ಕೆ ಏರಿತ್ತು, ಅಷ್ಟೇ. ಅದೂ ದೊಡ್ಡ ಫಲಿತಾಂಶವೇ. ಆದರೆ ಸಾರಾಂಶವನ್ನಷ್ಟೇ ಓದಿ ಕೈತೊಳೆದುಕೊಂಡವನ ಗುಟ್ಟು ಇಂಥ ಕಡೆಯೇ ರಟ್ಟಾಗುವುದು.

ಈ ಸಲ ನಡುವಿನ ಪುಟಗಳಿಂದ ಓದು ಶುರುಮಾಡಿದೆ. ಕೋಷ್ಟಕಗಳಿಗೆ ಮುಂಚೆ ಯೋಜನೆ ನಡೆದ ಬಗೆಯನ್ನು ವಿವರಿಸುವ ಭಾಗವಿರುತ್ತದಲ್ಲ, ಎಲ್ಲರೂ ಹಾರಿಸುವುದು ಅದನ್ನೇ. ಉದಯಪುರದ ಸುತ್ತಮುತ್ತ ಸೇವಾ ಮಂದಿರ ಎಂಬ ಸಂಸ್ಥೆ ನಡೆಸುತ್ತಿದ್ದ ಏಕೋಪಾಧ್ಯಾಯ ಕೇಂದ್ರಗಳವು. ತಾರೀಖು, ವೇಳೆ ಮೂಡುವ ಕ್ಯಾಮೆರಾದಲ್ಲಿ ದಿನಕ್ಕೆರಡು ಬಾರಿ ಮಕ್ಕಳೊಂದಿಗೆ ಶಿಕ್ಷಕರ ಫೋಟೊ ತೆಗೆಸಬೇಕು, ಎರಡರ ನಡುವೆ ಕನಿಷ್ಠ ಐದು ಗಂಟೆ ಅಂತರವಿರಬೇಕು. ಸಂಬಳ ಅದರ ಮೇಲೆಯೇ ನಿಂತಿತ್ತು: ಕನಿಷ್ಠ 500 ರೂಪಾಯಿ, ಹತ್ತು ದಿನಗಳ ಮೇಲೆ ಹಾಜರಾದ ಒಂದೊಂದು ದಿನಕ್ಕೂ 50 ರೂಪಾಯಿ. ಹೋಲಿಕೆಗೆ ಇಟ್ಟುಕೊಂಡಿದ್ದ ಕೇಂದ್ರಗಳ ಶಿಕ್ಷಕರಿಗೆ ಬಂದರೂ ಬಾರದಿದ್ದರೂ 1,000. ಫೋಟೊ ಎಣಿಸುವವರೂ ಸಂಬಳ ಕೊಡುವವರೂ ಒಬ್ಬರೇ. ಹಾಗಾದರೆ ಕೆಲಸ ಮಾಡಿದ್ದು ಕ್ಯಾಮೆರಾವೋ, ಆ 50 ರೂಪಾಯಿಯೋ?

ಉತ್ತರ ಅದೇ ಜಿಲ್ಲೆಯ ಇನ್ನೊಂದು ಅಧ್ಯಯನದಲ್ಲಿತ್ತು. 2008ರಲ್ಲಿ ಪ್ರಕಟವಾದ ಅದರಲ್ಲೂ ಡಫ್ಲೊ ಇದ್ದಾರೆ, ಜೊತೆಗೆ ಅಭಿಜಿತ್ ಬ್ಯಾನರ್ಜಿ, ರೇಚಲ್ ಗ್ಲೆನರ್‌ಸ್ಟರ್. ಈ ಬಾರಿ ಸರ್ಕಾರಿ ಉಪಕೇಂದ್ರಗಳ ಎಎನ್‌ಎಂಗಳು, ಅಂದರೆ ಹಳ್ಳಿಗಳ ಸಹಾಯಕ ಶುಶ್ರೂಷಕಿಯರು. ತಾರೀಖು, ವೇಳೆ ಮುದ್ರಿಸುವ ಯಂತ್ರ ಕೊಟ್ಟು, ಗೈರಾದರೆ ಸಂಬಳ ಕಡಿತ ಎಂದು ಘೋಷಣೆಯಾಯಿತು, ಮೊದಲ ತಿಂಗಳುಗಳಲ್ಲಿ ಹಾಜರಾತಿ ಚೆನ್ನಾಗಿಯೇ ಏರಿತು. ಹದಿನಾರು ತಿಂಗಳು ಕಳೆಯುವಷ್ಟರಲ್ಲಿ ಯಂತ್ರವಿದ್ದ ಕಡೆಗೂ ಇಲ್ಲದ ಕಡೆಗೂ ವ್ಯತ್ಯಾಸವೇ ಉಳಿಯಲಿಲ್ಲ. ದಾಖಲೆಯಲ್ಲಿ ಗೈರುಹಾಜರಿ ಹೆಚ್ಚಿರಲಿಲ್ಲ; ಹೆಚ್ಚಿದ್ದು ಇಲಾಖೆಯ ಅಧಿಕಾರಿಗಳು ಕೊಟ್ಟ "ವಿನಾಯಿತಿ ದಿನ". ನಮ್ಮ ಕಚೇರಿಗಳ ಭಾಷೆಯಲ್ಲಿ ಹೇಳುವುದಾದರೆ ಓಓಡಿ, ಅಂದರೆ ಅನ್ಯ ಕಾರ್ಯ ನಿಮಿತ್ತ: ಬೇರೆ ಕೆಲಸಕ್ಕೆ ಹೊರಗೆ ಹೋಗಿದ್ದಾರೆಂದು ಮೇಲಿನವರು ಮಂಜೂರು ಮಾಡುವ ದಿನ. ಹಾಜರಿ ಪುಸ್ತಕ ನೋಡಿದವರಿಗೆ ಇದರ ಮಹಿಮೆ ಗೊತ್ತು.

ನಮ್ಮ ರಾಜ್ಯದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೇ ಬೆರಳಚ್ಚು ಯಂತ್ರದ ಪ್ರಯೋಗವೊಂದು ನಡೆದಿದೆ. ಇಕ್ಬಾಲ್ ಧಾಲಿವಾಲ್ ಮತ್ತು ರೆಮಾ ಹನ್ನಾ ಐದು ಜಿಲ್ಲೆಗಳ 322 ಕೇಂದ್ರಗಳನ್ನು ತೆಗೆದುಕೊಂಡು 140ರಲ್ಲಿ ಯಂತ್ರ ಇರಿಸಿ ನೋಡಿದರು. ಶುಶ್ರೂಷಕಿಯರು, ಪ್ರಯೋಗಾಲಯದವರು, ಔಷಧಿ ಕೊಡುವವರು ಹೆಚ್ಚು ದಿನ ಬಂದರು, ಕಡಿಮೆ ತೂಕದ ಶಿಶುಗಳ ಜನನವೂ ಇಳಿಯಿತು. ವೈದ್ಯರ ಹಾಜರಾತಿ ಮಾತ್ರ ಅಲುಗಲಿಲ್ಲ. ದಂಡದ ನಿಯಮ ಕಾಗದದಲ್ಲಿದ್ದಷ್ಟು ಕಟ್ಟುನಿಟ್ಟಾಗಿ ಜಾರಿಯಾಗಲೂ ಇಲ್ಲ. ಯಂತ್ರದ ಪರ ವಾದಿಸುವವರು ಮೊದಲರ್ಧವನ್ನು, ವಿರೋಧಿಸುವವರು ಉಳಿದರ್ಧವನ್ನು ಉದಾಹರಿಸುವುದನ್ನು ಸಭೆಗಳಲ್ಲಿ ಕೇಳಿದ್ದೇನೆ.

ಇಷ್ಟು ಓದಿ ಒಂದು ಉಪಕೇಂದ್ರಕ್ಕೆ ಹೋದೆ. ಗುರುವಾರ, ಬೆಳಿಗ್ಗೆ ಹನ್ನೊಂದು ಗಂಟೆ, ಬಾಗಿಲಿಗೆ ಬೀಗ. ನನ್ನ ಪುಸ್ತಕದಲ್ಲಿ ಗೈರು ಎಂದು ಗುರುತು ಮಾಡಿಕೊಂಡೂ ಆಯಿತು. ಎದುರು ಮನೆಯ ಅಜ್ಜಿ ಕೂಗಿ ಹೇಳಿದರು: "ಸಿಸ್ಟರು ಅಂಗನವಾಡಿಯಲ್ಲಿದ್ದಾರಪ್ಪ, ಇವತ್ತು ಚುಚ್ಚುಮದ್ದು." ಹೋಗಿ ನೋಡಿದರೆ ಲಸಿಕೆ ಡಬ್ಬಿ ಪಕ್ಕದಲ್ಲಿಟ್ಟುಕೊಂಡು, ಅಳುವ ಮಗುವಿನ ತೊಡೆ ಹಿಡಿದು ಕೂತಿದ್ದರು. ಅವರ ಪ್ರವಾಸ ದಿನಚರಿಯಲ್ಲಿ ಮನೆ ಭೇಟಿ, ತಾಲ್ಲೂಕು ಸಭೆ, ಲಸಿಕೆ ಎಲ್ಲಕ್ಕೂ ಒಂದೊಂದು ದಿನವಿತ್ತು. "ಕಟ್ಟಡದಲ್ಲಿ ಕೂತರೆ ಕೆಲಸ ಆಗುವುದಿಲ್ಲ ಸರ್" ಎಂದರು. ಬರೆದುಕೊಂಡಿದ್ದ ಗೈರನ್ನು ಅವರಿಗೆ ಕಾಣದಂತೆ ಹೊಡೆದುಹಾಕಿದೆ.

ಎರಡನೆಯ ಟಿಪ್ಪಣಿಯಲ್ಲಿ ಯಂತ್ರ ಬೇಕು ಎಂದೂ ಬರೆಯಲಿಲ್ಲ, ಬೇಡ ಎಂದೂ ಬರೆಯಲಿಲ್ಲ. (ಇದು ಜಾಣತನವಲ್ಲ, ಕಡತದ ಮೂಲ ಪ್ರಶ್ನೆಯೇ ತಪ್ಪಿತ್ತು ಎಂಬುದು ನನ್ನ ಅಭಿಪ್ರಾಯ.) ಹಳೆಯ ಹಾಜರಿ ಪುಸ್ತಕಗಳಿಂದ ಮೂರು ತಿಂಗಳ ಓಓಡಿ ಎಣಿಸಿ, ಪ್ರತಿಯೊಂದರ ಮುಂದೆ ಮಂಜೂರು ಮಾಡಿದವರ ಹುದ್ದೆ ಬರೆದು, ದಿನಚರಿಯೊಂದಿಗೆ ತಾಳೆ ನೋಡಿ ಎಂದೆ. ಎಷ್ಟು ಓಓಡಿ ನಿಜವಾಗಿ ಊರೊಳಗಿನ ಕೆಲಸ, ಎಷ್ಟು ಬರೀ ಕೃಪೆ ಎಂದು ತಿಳಿಯುವ ಮುನ್ನ ಯಂತ್ರ ಕೊಂಡರೆ ಉದಯಪುರದ ಎರಡನೆಯ ಕಥೆಯೇ ನಮ್ಮದಾಗುತ್ತದೆ ಎಂದೂ ಸೇರಿಸಿದೆ.

ಕಡತ ಹತ್ತು ದಿನಗಳ ಬಳಿಕ ಮರಳಿತು. ಹಸಿರು ಶಾಯಿಯಲ್ಲಿ "ಎಣಿಸಿ" ಎಂದಿತ್ತು. ಅದರ ಕೆಳಗೆ, ಸ್ವಲ್ಪ ಸಣ್ಣ ಅಕ್ಷರದಲ್ಲಿ: "ಮಂಜೂರು ಮಾಡುವವರಲ್ಲಿ ನಾನೂ ಇದ್ದೇನೆ. ಅದನ್ನೂ ಸೇರಿಸಿ."