ಮಿಶಿಗನ್‌ನ ಮರಣದಂಡನೆ ಚರಿತ್ರೆ ಒಂದೇ ಹಾಳೆಯಲ್ಲಿ ಬರೆಯೋದು ಹೇಗೆ?

ಅಣ್ಣನ ಮಗಳು ಲಾ ಕಾಲೇಜಿನ ಪ್ರಾಜೆಕ್ಟ್ ಹಿಡಿದು ಡೊಂಬಿವಿಲಿಯ ನಮ್ಮ ಮನೆಗೆ ಬಂದಿದ್ದಳು. ಅಮೆರಿಕದ ಯಾವುದಾದರೂ ಒಂದು ರಾಜ್ಯದ ಗಲ್ಲಿನ ಚರಿತ್ರೆ ಬರೀಬೇಕಂತೆ. ಟೆಕ್ಸಾಸ್ ಬೇಡ ಕಣೇ, ಎಲ್ಲರೂ ಅದನ್ನೇ ಹಿಡೀತಾರೆ ಅಂದೆ. ಮಿಶಿಗನ್ ತಗೊಂಡೆವು.

ಕಾಲನಿರ್ಣಯ ಕ್ಯಾಲೆಂಡರಿನ ಹಳೇ ಹಾಳೆ ತಿರುಗಿಸಿ, ನಡುವೆ ಅಡ್ಡಗೆರೆ ಎಳೆಯಿರಿ. ಮೇಲೆ ರಾಜ್ಯದ ಕಾನೂನು, ಕೆಳಗೆ ಕೇಂದ್ರದ್ದು. ಈ ಗೆರೆ ಮರೆತರೆ ಕೆಲಸ ಕೆಟ್ಟಿತು.

ಮೇಲೆ ಮೊದಲು 1830. ಹೆಂಡತಿಯನ್ನು ಕೊಂದ ಸ್ಟೀಫನ್ ಸಿಮ್ಮನ್ಸ್‌ನನ್ನು ಡೆಟ್ರಾಯಿಟ್‌ನಲ್ಲಿ ಜನರೆದುರೇ ಗಲ್ಲಿಗೇರಿಸಿದರು. ಮಿಶಿಗನ್ ರಾಜ್ಯವಾಗಿದ್ದು 1837ರಲ್ಲಿ, ಹಾಗಾಗಿ ಇದು ಅದಕ್ಕೂ ಹಿಂದಿನ ಮಾತು. ಆಮೇಲೆ 1846. ಕೊಲೆಗೆ ಗಲ್ಲು ಬೇಡ ಅಂತ ಕಾನೂನು ಮಾಡಿದರು, ಜಾರಿಗೆ ಬಂದಿದ್ದು 1847ರಲ್ಲಿ. ಎರಡೂ ವರ್ಷ ಬರೆಯಿರಿ, ಮೇಷ್ಟ್ರು ಕೇಳೇ ಕೇಳ್ತಾರೆ. ದೇಶದ್ರೋಹಕ್ಕೆ ಮಾತ್ರ ಗಲ್ಲು ಕಾನೂನು ಪುಸ್ತಕದಲ್ಲಿ ಉಳಿಯಿತು. ಮಿಶಿಗನ್ ರಾಜ್ಯದ್ದೇ ಆದ 1963ರ ಸಂವಿಧಾನ ಅದಕ್ಕೂ ಬಾಗಿಲು ಹಾಕಿತು.

ಹಾಗಾದರೆ 1938ರಲ್ಲಿ ಅಲ್ಲಿ ಒಬ್ಬನನ್ನು ನೇಣಿಗೆ ಹಾಕಿದ್ದು ಹೇಗೆ? ಎಡವೋದು ಇಲ್ಲೇ. ಆಂಥನಿ ಚೆಬಾಟೋರಿಸ್ ಬ್ಯಾಂಕ್ ದರೋಡೆಗೆ ಹೋಗಿ ಕೊಲೆ ಮಾಡಿದವನು. ಕೇಸು ನಡೆದದ್ದು ಕೇಂದ್ರದ ಕಾನೂನಿನಡಿ, ಗಲ್ಲು ಮಿಶಿಗನ್‌ನದೇ ಮಿಲಾನ್ ಊರಿನ ಕೇಂದ್ರ ಸರ್ಕಾರದ ಜೈಲಿನಲ್ಲಿ. ನಮ್ಮ ರಾಜ್ಯದಲ್ಲಿ ಬೇಡ ಅಂತ ಗವರ್ನರ್ ಫ್ರಾಂಕ್ ಮರ್ಫಿ ಕೇಳಿಕೊಂಡರೂ ನಡೆಯಲಿಲ್ಲ. ಹಾಗಾಗಿ ಇದು ಗೆರೆಯ ಕೆಳಗೆ.

ನಮ್ಮ ಹುಡುಗಿ ಪೆನ್ನಿನಲ್ಲೇ ಮೇಲೆ ಬರೆದುಬಿಟ್ಟಿದ್ದಳು. ಉಜ್ಜಿ ಉಜ್ಜಿ ಹಾಳೆ ತೂತಾಯಿತು. ಮೊದಲು ಪೆನ್ಸಿಲ್ ಹಿಡಿಯಿರಿ.